ಹಿತ್ತಲ ಬಾಗಿಲಿನ ಸಂದು

ಆಷಾಢ ಬಂತೆಂದರೆ ಗೊರೂರಿನ ನಮ್ಮ ಮನೆಯಲ್ಲಿ ಪ್ರತಿವರ್ಷವೂ ಒಂದು ವಾದ ತಪ್ಪದೆ ನಡೆಯುತ್ತಿತ್ತು. ವಾದದ ವಿಷಯ ಹಿತ್ತಲ ಬಾಗಿಲು. ಅದರ ಕೆಳಗಿನ ಸಂದಿನಲ್ಲಿ ನುಗ್ಗುವ ಗಾಳಿಯನ್ನು ಹೇಗಾದರೂ ತಡೆಯಬೇಕೆಂದು ನನ್ನ ಶ್ರೀಮತಿಯವರ ಒತ್ತಾಯ. ಮುಂದಿನ ವರ್ಷ ನೋಡೋಣವೆಂದು ನನ್ನ ಉತ್ತರ. ನಾಲ್ಕು ದಶಕಗಳ ಕಾಲ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವನಿಗೆ ಒಂದು ಬಾಗಿಲಿನ ಸಂದು ಮುಚ್ಚಲು ಬಾರದೇ ಎಂದು ಆಕೆ ಕೇಳಿದಾಗಲೆಲ್ಲ ನಾನು ಪತ್ರಿಕೆಯ ಮರೆಗೆ ಸರಿಯುತ್ತಿದ್ದೆ. ಕೆಲಸ ಬಾರದೆ ಅಲ್ಲ, ಸೋಮಾರಿತನದಿಂದಲೂ ಅಲ್ಲ. ಆ ಸಂದನ್ನು ಮುಚ್ಚಕೂಡದೆಂದು ನಮ್ಮ ತಂದೆಯವರು ಒಂದು ಕಟ್ಟಳೆ ಮಾಡಿದ್ದರು. ಅವರು ತೀರಿಕೊಂಡು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಆಗಿದ್ದರೂ ಅದನ್ನು ಮೀರಲು ನನಗೆ ಮನಸ್ಸು ಬಂದಿರಲಿಲ್ಲ. ಕಳೆದ ವರ್ಷ ಮೀರಿದೆ. ಅದು ಹೇಗಾಯಿತೆಂಬುದನ್ನು ಹೇಳಬೇಕಾದರೆ ಬಾಗಿಲಿನ ಕಥೆಯಿಂದಲೇ ಆರಂಭಿಸಬೇಕು.

ನಮ್ಮದು ಹಳೆಯ ತೊಟ್ಟಿಮನೆ. ತಲೆಬಾಗಿಲು ಪೂರ್ವಕ್ಕೆ, ಹಿತ್ತಲ ಬಾಗಿಲು ಪಶ್ಚಿಮಕ್ಕೆ. ಮಳೆಗಾಲದ ಗಾಳಿ ನಮ್ಮ ಸೀಮೆಗೆ ಬರುವುದು ಘಟ್ಟದ ಕಡೆಯಿಂದ, ಸಕಲೇಶಪುರದ ಬೆಟ್ಟಗಳನ್ನು ದಾಟಿಕೊಂಡು. ಹಾಗಾಗಿ ಆಷಾಢದ ಗಾಳಿಗೆ ಮೊದಲು ಎದೆಯೊಡ್ಡುವುದು ಹಿತ್ತಲ ಬಾಗಿಲೇ. ಆ ಬಾಗಿಲು ಇರುವುದು ಹಿತ್ತಲ ಕೋಣೆಯೆಂದು ನಾವು ಕರೆಯುವ ಒಂದು ಸಣ್ಣ ಕೋಣೆಯಲ್ಲಿ. ಅದನ್ನು ತೆರೆದು ನಾಲ್ಕು ಹೆಜ್ಜೆ ನಡೆದರೆ ಬಚ್ಚಲುಮನೆ. ಕೋಣೆಗೆ ಮೇಲೆ ಮರದ ಮುಚ್ಚಿಗೆಯಿದೆ. ಹಲಗೆಯ ಮೇಲೆ ಮಣ್ಣು ಮೆತ್ತಿರುವುದರಿಂದ ಹೆಂಚಿನ ಸಂದಿನ ಗಾಳಿ ಅಲ್ಲಿಗೆ ಇಳಿಯುವುದಿಲ್ಲ. ಚಳಿಗಾಲದಲ್ಲಿ ಬೆಚ್ಚಗಿರುವ ಕೋಣೆಯೆಂದು ಹಿಂದಿನವರು ಅದನ್ನು ಬಾಣಂತಿ ಕೋಣೆಯಾಗಿಯೂ ಬಳಸುತ್ತಿದ್ದರು. ಬಚ್ಚಲುಮನೆ ಹತ್ತಿರವಿದ್ದುದು ಇನ್ನೊಂದು ಅನುಕೂಲ.

ಆ ಕೋಣೆಗೆ ಈಗಿರುವ ಕದ ನಮ್ಮ ಮನೆಗೆಂದು ಮಾಡಿಸಿದ್ದಲ್ಲ. ನಮ್ಮೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಪೂರ್ಣವಾದದ್ದು ೧೯೭೯ರಲ್ಲಿ. ನಾಲ್ಕೂವರೆ ಕಿಲೋಮೀಟರಿಗೂ ಉದ್ದವಾದ ಕಟ್ಟೆ, ಮೂವತ್ತೇಳು ಟಿ.ಎಂ.ಸಿ. ಅಡಿ ನೀರು ಹಿಡಿಯುವ ಜಲಾಶಯ. ಆ ನೀರಿನಿಂದ ಹಸುರಾದ ಊರುಗಳು ಎಷ್ಟೋ. ಮುಳುಗಡೆಗೆ ಬಿಟ್ಟುಕೊಟ್ಟು ಎದ್ದುಹೋದ ಹಳ್ಳಿಗಳವರೂ ಎಷ್ಟೋ ಮಂದಿ. ೧೮೬೦ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಚರ್ಚಿನ ಉಳಿದ ಗೋಡೆಗಳು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲುವುದನ್ನು ನೋಡಲು ಈಗ ದೂರದೂರುಗಳಿಂದ ಜನ ಬರುತ್ತಾರೆ. ಹಾಗೆ ನೋಡಲು ಉಳಿಯದೆ ಹೋದ ಮನೆಗಳೇ ಹೆಚ್ಚು. ಮನೆ ಬಿಟ್ಟು ಹೊರಟವರು ಸಾಧ್ಯವಿದ್ದಷ್ಟು ಮರಮುಟ್ಟನ್ನು ಬಿಚ್ಚಿಕೊಂಡು ಹೋದರು, ಒಯ್ಯಲಾಗದ್ದನ್ನು ಮಾರಿದರು. ೧೯೭೮ರ ಬೇಸಗೆಯಲ್ಲಿ ನಮ್ಮ ಹಿತ್ತಲ ಬಾಗಿಲು ಗೆದ್ದಲು ಹಿಡಿದು ಕುಸಿದಿತ್ತು. ತಂದೆಯವರು ಗಾಡಿ ಕಟ್ಟಿಸಿಕೊಂಡು ಹೋಗಿ ಅಂಥದೊಂದು ಮನೆಯ ಹೊನ್ನೆ ಮರದ ಕದವನ್ನು ಕೊಂಡುತಂದರು.

ಕದ ಭಾರಿಯಾಗಿತ್ತು. ಎರಡಂಗುಲ ದಪ್ಪ. ಆದರೆ ಬೇರೊಂದು ಬಾಗಿಲುವಾಡಕ್ಕೆ ಅಳತೆ ಹಿಡಿದು ಮಾಡಿದ್ದು. ನಮ್ಮ ಬಾಗಿಲುವಾಡದಲ್ಲಿ ಅದನ್ನು ಕೂರಿಸಿದಾಗ ಅಗಲಕ್ಕೆ ಸರಿಹೋಯಿತು, ಎತ್ತರದಲ್ಲಿ ಹೆಬ್ಬೆರಳಿನಷ್ಟು ಕಡಮೆಯಾಯಿತು. ಕೆಳಗೆ ಒಂದು ಪಟ್ಟಿ ಸೇರಿಸಿಕೊಡುವುದಾಗಿ ಆಚಾರ್ಯರು ಹೇಳಿದ್ದರಂತೆ. ಬಿತ್ತನೆಯ ಕಾಲ ಬಂತು, ಆಮೇಲೆ ಮಳೆ ಬಂತು, ಆ ಮಾತು ಹಾಗೆಯೇ ಉಳಿಯಿತು. ಗಾಳಿ ಮಾತ್ರ ಮೊದಲನೆಯ ವರ್ಷದಿಂದಲೇ ಆ ದಾರಿಯನ್ನು ಕಂಡುಕೊಂಡಿತು.

ಕೆಲವು ವರ್ಷಗಳ ಮೇಲೆ ಒಬ್ಬ ವೃದ್ಧರು ನಮ್ಮ ಮನೆಗೆ ಬಂದಿದ್ದರು. ಯೋಗಾನರಸಿಂಹಸ್ವಾಮಿಯ ದರ್ಶನಕ್ಕೆಂದು ಊರಿಗೆ ಬಂದವರು ದಾರಿಯಲ್ಲಿ ವಿಚಾರಿಸಿಕೊಂಡು ಬಂದರು. ಕಾಫಿ ಕುಡಿದು ಬಹಳ ಹೊತ್ತು ಮಳೆ ಬೆಳೆಯ ವಿಚಾರ ಮಾತಾಡಿದರು. ಕೊನೆಗೆ, "ನಮ್ಮ ಬಾಗಿಲು ಎಲ್ಲಿಗೆ ಹಾಕಿಸಿದ್ದೀರಿ ಸ್ವಾಮಿ?" ಎಂದರು. ತಂದೆಯವರು ಕರೆದುಕೊಂಡು ಹೋಗಿ ತೋರಿಸಿದರು. ಅವರು ಕದದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. "ನಮ್ಮಲ್ಲಿ ಇದು ತಲೆಬಾಗಿಲು" ಎಂದಷ್ಟೇ ಹೇಳಿದರು. ತಂದೆಯವರಿಗೆ ಉತ್ತರ ಹೊಳೆಯಲಿಲ್ಲ. ಒಂದು ತಟ್ಟೆಯಲ್ಲಿ ಎಲೆಯಡಿಕೆ, ತೆಂಗಿನಕಾಯಿ ಇಟ್ಟುಕೊಟ್ಟು, "ಮತ್ತೆ ಬನ್ನಿ ಗೌಡರೇ, ನಿಮ್ಮದೇ ಮನೆ" ಎಂದರು. ಅವರು ಮತ್ತೆ ಬಂದ ನೆನಪು ನನಗಿಲ್ಲ. ಆದರೆ ಆ ಕದವನ್ನು ಬದಲಾಯಿಸುವ ಮಾತು ಬಂದಾಗಲೆಲ್ಲ ಅವರು ಅಂಗೈ ಇಟ್ಟು ನಿಂತದ್ದು ನನ್ನ ಕಣ್ಣ ಮುಂದೆ ಬರುತ್ತದೆ.

ಇನ್ನು ಕಟ್ಟಳೆಯ ವಿಚಾರ. ೧೯೮೧ರ ಜನವರಿ, ಸಂಕ್ರಾಂತಿಗೆ ಎರಡು ದಿನ ಮುಂಚೆ. ನಾನು ಆಗ ಬೇರೊಂದು ಊರಿನ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಹಬ್ಬಕ್ಕೆಂದು ಮನೆಗೆ ಬಂದಿದ್ದೆ. ನನ್ನ ಅಕ್ಕ ಎರಡನೆಯ ಬಾಣಂತನಕ್ಕೆ ತವರಿಗೆ ಬಂದು ಹದಿನೈದು ದಿನಗಳಾಗಿದ್ದವು. ಬಾಣಂತಿಗೆ ಶೀತ ತಾಕಬಾರದು, ಗಾಳಿ ಸೋಕಬಾರದು ಎಂಬುದು ನಮ್ಮ ಅಜ್ಜಿಯ ಮಟ್ಟಿಗೆ ವೇದವಾಕ್ಯ. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಕಿಟಕಿಗೆ ಕಂಬಳಿ. ಹಿತ್ತಲ ಬಾಗಿಲಿನ ಕೆಳಸಂದಿಗೆ ಅಜ್ಜಿ ಹಳೆಯ ಗೋಣಿಚೀಲಗಳನ್ನು ಮಡಿಸಿ ತುರುಕಿ, ಪಕ್ಕದ ಸಂದುಗಳಿಗೆ ಸೀರೆಯ ಅಂಚನ್ನು ಹರಿದು ಚಾಕುವಿನ ತುದಿಯಿಂದ ಮೆತ್ತಿದ್ದರು. ಒಳಬಾಗಿಲಿಗೆ ಜಮಖಾನ ಇಳಿಬಿಟ್ಟಿದ್ದರು. ಗೋಡೆಯ ಮೇಲ್ಭಾಗದಲ್ಲಿದ್ದ ಗವಾಕ್ಷಿಯಲ್ಲಿ ಗುಬ್ಬಿ ಗೂಡು ಕಟ್ಟುತ್ತದೆಂದು ಅದಕ್ಕೂ ಹಿಂದಿನ ವರ್ಷವೇ ಇಟ್ಟಿಗೆ ಇಟ್ಟು ಗಾರೆ ಬಳಿಸಿದ್ದರು. ಇಂದಿನವರು ದುಡ್ಡು ಕೊಟ್ಟು ಮಾಡಿಸುವ ಕೆಲಸವನ್ನು ಅಜ್ಜಿ ಹಳೆಯ ಬಟ್ಟೆಯಲ್ಲೇ ಅಷ್ಟು ಪೂರ್ಣವಾಗಿ ಮಾಡಿದ್ದರು.

ಅಂದು ಬೆಳಿಗ್ಗೆ ಎಣ್ಣೆನೀರಾದ ಮೇಲೆ ಅಕ್ಕನನ್ನು ಹೊದಿಸಿ ಮಲಗಿಸಿ, ಮಂಚದ ಬಳಿ ಅಗ್ಗಿಷ್ಟಿಕೆಯ ತುಂಬ ಇದ್ದಿಲ ಕೆಂಡ ಇಟ್ಟರು. ಹೊಗೆಯೆಲ್ಲ ಹೋಗಿ ಕೆಂಪಗೆ ನಿಗಿನಿಗಿ ಎನ್ನುತ್ತಿದ್ದ ಕೆಂಡ. ಹೊಗೆಯಿದ್ದರೆ ಮಗುವಿಗೆ ಕೆಮ್ಮು ಬಂದೀತೆಂದು ಅಜ್ಜಿ ಅದನ್ನು ಹೊರಗೆ ಚೆನ್ನಾಗಿ ಉರಿಸಿಯೇ ತಂದಿದ್ದರು. ಮಗುವನ್ನು ನೀರು ಹಾಕಲು ಬಚ್ಚಲಿಗೆ ಎತ್ತಿಕೊಂಡು ಹೋದರು. ಮಗುವಿನ ಸ್ನಾನ, ಸಾಂಬ್ರಾಣಿ, ತೊಟ್ಟಿಲು, ಇವುಗಳಲ್ಲಿ ಮುಕ್ಕಾಲು ಗಂಟೆಗಿಂತ ಹೆಚ್ಚೇ ಕಳೆಯಿತು. ತಲೆ ಸಿಡಿಯುತ್ತಿದೆಯೆಂದು ಅಕ್ಕ ಒಂದು ಸಲ ಕೂಗಿದ್ದು ಅಮ್ಮನಿಗೆ ಕೇಳಿಸಿತ್ತಂತೆ. ನಿದ್ದೆ ಹೋದರೆ ಸರಿಯಾಗುತ್ತದೆಂದು ಅವರು ಅಡಿಗೆಮನೆಯಿಂದಲೇ ಹೇಳಿದರು. ಮಗುವನ್ನು ಹಾಲಿಗೆಂದು ಒಳಗೆ ತಂದಾಗ ಅಕ್ಕ ಎಚ್ಚರಗೊಳ್ಳಲಿಲ್ಲ. ಮೈ ಬೆಚ್ಚಗಿತ್ತು, ಮುಖ ಕೆಂಪಗಿತ್ತು. ಎಷ್ಟು ಅಲುಗಿಸಿದರೂ ಕಣ್ಣು ತೆರೆಯಲಿಲ್ಲ.

ಅಜ್ಜಿ, "ಅಯ್ಯೋ, ಗಾಳಿ ಸೋಕಿತು!" ಎಂದು ಚೀರಿದರು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಎರಡು ಅರ್ಥಗಳಿವೆಯೆಂಬುದು ನಿಮಗೆ ಗೊತ್ತೇ ಇದೆ. ಬೀಸುವ ಗಾಳಿಯೂ ಗಾಳಿಯೇ, ಮೆಟ್ಟಿಕೊಳ್ಳುವ ದೆವ್ವವೂ ಗಾಳಿಯೇ. ಅಜ್ಜಿ ಎರಡನ್ನೂ ಒಟ್ಟಿಗೇ ಹೇಳಿದರು. ಯಾವುದೋ ಸಂದು ಮುಚ್ಚದೆ ಉಳಿದಿದೆಯೆಂದು ಗೋಡೆಯುದ್ದಕ್ಕೂ ಕೈಯಾಡಿಸತೊಡಗಿದರು. ತಂದೆಯವರು ಮಾತ್ರ ಒಳಗೆ ಬಂದವರೇ ಒಂದು ಕ್ಷಣ ನಿಂತು, ಏನನ್ನಿಸಿತೋ ಏನೋ, ಗೋಣಿಚೀಲಗಳನ್ನು ಕಾಲಿನಿಂದ ಒದ್ದು ಹಿತ್ತಲ ಬಾಗಿಲನ್ನು ಹಾರುಹೊಡೆದರು. ನಾವಿಬ್ಬರೂ ಅಕ್ಕನನ್ನು ಹಾಸಿಗೆ ಸಮೇತ ಎತ್ತಿ ಹೊರಗಿನ ಜಗಲಿಯ ಮೇಲೆ, ಪುಷ್ಯಮಾಸದ ಆ ಚಳಿಗಾಳಿಯಲ್ಲಿ ಮಲಗಿಸಿದೆವು. ಬಾಣಂತಿಯನ್ನು ಕೊಂದಿರೆಂದು ಅಜ್ಜಿ ತಲೆ ಚಚ್ಚಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅಕ್ಕ ನರಳಿದಳು, ವಾಂತಿ ಮಾಡಿಕೊಂಡಳು, ಕಣ್ಣು ತೆರೆದಳು. ಕರೆಸಿದ್ದ ವೈದ್ಯರು ಬಂದು ಅಗ್ಗಿಷ್ಟಿಕೆಯನ್ನೂ ಕೋಣೆಯನ್ನೂ ನೋಡಿದರು. "ಇನ್ನು ಅರ್ಧ ಗಂಟೆ ಹೀಗೇ ಇದ್ದಿದ್ದರೆ ನನ್ನನ್ನು ಕರೆಸುವ ಅಗತ್ಯವೇ ಇರುತ್ತಿರಲಿಲ್ಲ" ಎಂದರು.

ನನಗೆ ಇಂದಿಗೂ ನಾಚಿಕೆಯಾಗುವ ಸಂಗತಿ ಬೇರೊಂದಿದೆ. ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದು ಹಿಂದಿನ ತಿಂಗಳಷ್ಟೇ ನಾನು ಮಕ್ಕಳಿಗೆ ಬರೆಸಿದ್ದೆ. ಬರೆಸಿದವನ ಮನೆಯಲ್ಲೇ, ಅವನು ನಡುಮನೆಯಲ್ಲಿ ಕುಳಿತು ಪತ್ರಿಕೆ ಓದುತ್ತಿರುವಾಗಲೇ ಅದು ನಡೆಯಿತು. ಹೊಗೆಯಿಲ್ಲದ ಕೆಂಡ ಸಾಧುವೆಂದು ಅಜ್ಜಿ ನಂಬಿದ್ದರು, ಓದಿದ ನಾನೂ ಹಾಗೆಯೇ ನೋಡಿಕೊಂಡು ಸುಮ್ಮನಿದ್ದೆ. ಅಜ್ಜಿ ತಮ್ಮ ಕೊನೆಯವರೆಗೂ ಮೊಮ್ಮಗಳಿಗೆ ಗಾಳಿ ಸೋಕಿತೆಂದೇ ಹೇಳುತ್ತಿದ್ದರು. ಗಾಳಿ ಸೋಕದೆ ಇದ್ದುದರಿಂದಲೇ ಹಾಗಾಯಿತೆಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ತಂದೆಯವರು ವಾದಕ್ಕಿಳಿಯಲಿಲ್ಲ. ಅಗ್ಗಿಷ್ಟಿಕೆಯನ್ನು ಕೊಟ್ಟಿಗೆಯ ಅಟ್ಟಕ್ಕೆ ಹಾಕಿಸಿದರು, ಹಿತ್ತಲ ಬಾಗಿಲಿನ ಸಂದಿಗೆ ಯಾರೂ ಏನನ್ನೂ ತುರುಕಬಾರದೆಂದು ಒಂದು ಸಲ ಹೇಳಿದರು. ನಮ್ಮ ಮನೆಯಲ್ಲಿ ಅವರು ಯಾವುದನ್ನೂ ಎರಡು ಸಲ ಹೇಳುತ್ತಿರಲಿಲ್ಲ.

ಹಾಗೆ ಆ ಸಂದು ಉಳಿಯಿತು. ಅದರಲ್ಲಿ ಗಾಳಿಯ ಜೊತೆಗೆ ಮಳೆಯ ಇರಚಲು, ಚೇಳು, ಒಮ್ಮೆ ಒಂದು ಕೇರೆಹಾವಿನ ಮರಿ, ಎಲ್ಲವೂ ಬಂದವು. ಮಧ್ಯೆ ನಾನೂ ಒಂದು ತಪ್ಪು ಮಾಡಿ ತೊಂದರೆಯನ್ನು ಹೆಚ್ಚಿಸಿದೆ. ಒಂದು ಶ್ರಾವಣದಲ್ಲಿ ಕದ ಉಬ್ಬಿ ಬಾಗಿಲುವಾಡಕ್ಕೆ ಕಚ್ಚಿಕೊಂಡು ತೆಗೆಯಲಾರದಷ್ಟು ಬಿಗಿಯಾಯಿತು. ಆಚಾರ್ಯರನ್ನು ಕರೆಸಿ ಪಕ್ಕದ ಅಂಚಿಗೆ ಹತ್ತರಿ ಹೊಡೆಸಿದೆ. ಅವರು ಯುಗಾದಿಯ ತನಕ ಕಾಯಿರೆಂದು ಹೇಳಿದರೂ ಕೇಳಲಿಲ್ಲ. ಮರ ತೇವ ಕುಡಿದಾಗ ಎಳೆಗಳಿಗೆ ಅಡ್ಡಲಾಗಿ, ಎಂದರೆ ಅಗಲಕ್ಕೆ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಆಗುವ ವ್ಯತ್ಯಾಸ ತೀರ ಅಲ್ಪ. ಆದ್ದರಿಂದಲೇ ಮಳೆಗಾಲದಲ್ಲಿ ಕದ ಪಕ್ಕಗಳಲ್ಲಿ ಕಚ್ಚುತ್ತದೆ, ಆದರೆ ಕೆಳಗಿನ ಸಂದು ಇದ್ದ ಹಾಗೇ ಇರುತ್ತದೆ. ಉಬ್ಬಿದ ಕದವನ್ನು ಮಳೆಗಾಲದ ಅಳತೆಗೆ ಕೆತ್ತಿಸಿದರೆ ಬೇಸಗೆಯಲ್ಲಿ ಅದು ಕುಗ್ಗಿದಾಗ ಪಕ್ಕದಲ್ಲಿಯೂ ಸಂದು ಬಿಡುತ್ತದೆ. ಹಾಗೆಯೇ ಆಯಿತು. ಮೊದಲು ಕೆಳಗೊಂದೇ ಇದ್ದ ದಾರಿ ಆಮೇಲೆ ನಾಲ್ಕು ಕಡೆಗೂ ಆಯಿತು.

ಮೂರು ವರ್ಷಗಳ ಹಿಂದೆ ಶ್ರೀಮತಿಯವರಿಗೆ ನ್ಯುಮೋನಿಯಾ ಆಯಿತು. ಮೊಣಕಾಲು ನೋವಿನಿಂದಾಗಿ ಬಚ್ಚಲಿಗೆ ಹತ್ತಿರವಿರಲೆಂದು ಆಕೆ ಆ ಹೊತ್ತಿಗೆ ಹಿತ್ತಲ ಕೋಣೆಯಲ್ಲೇ ಮಲಗತೊಡಗಿದ್ದರು. ಕಾಯಿಲೆ ವಾಸಿಯಾಯಿತು, ಉಬ್ಬಸ ಉಳಿಯಿತು. ಚಳಿಗಾಳಿಗೂ ಹೊಗೆಗೂ ಮೈಯೊಡ್ಡಬೇಡಿರೆಂದು ವೈದ್ಯರು ಹೇಳಿದರು. ಅದರ ಮುಂದಿನ ಆಷಾಢದಲ್ಲಿ ಒಂದು ರಾತ್ರಿ ಎದ್ದು ನೋಡಿದರೆ ಆಕೆ ಮಂಚದ ಮೇಲೆ ಕುಳಿತು, ಕಂಬಳಿ ಹೊದ್ದು, ಏದುಸಿರು ಬಿಡುತ್ತಾ ಬಾಗಿಲಿನ ಕಡೆಗೆ ಬೆನ್ನು ಮಾಡಿಕೊಂಡಿದ್ದರು. ನನ್ನನ್ನು ಕಂಡು ಏನೂ ಹೇಳಲಿಲ್ಲ. ಇಷ್ಟು ವರ್ಷ ವಾದ ಮಾಡಿದವರು ಅಂದು ಏನೂ ಹೇಳದೆ ಇದ್ದುದು ನನ್ನನ್ನು ಬಹಳ ಬಾಧಿಸಿತು. ನಾನು ಪಾಲಿಸುತ್ತಿದ್ದುದು ತಂದೆಯ ಮಾತನ್ನೋ, ನನ್ನ ಹಳೆಯ ನಾಚಿಕೆಯನ್ನೋ ಎಂದು ಆ ರಾತ್ರಿ ಕೇಳಿಕೊಂಡೆ.

ಆಗ ನೆನಪಾದದ್ದು ಮಗನ ಮನೆ. ೨೦೧೭ರಲ್ಲಿ ನಾವಿಬ್ಬರೂ ಚಿಕಾಗೋ ಬಳಿ ಇರುವ ಅವನ ಮನೆಗೆ ಹೋಗಿದ್ದೆವು. ನಮ್ಮೂರಿನವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ 'ಅಮೆರಿಕದಲ್ಲಿ ಗೊರೂರು' ಕೃತಿಗೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಊರಿಗೆ ಊರೇ ಹಿಗ್ಗಿತ್ತು. ಗೊರೂರಿನವರಾಗಿ ಅಮೆರಿಕಕ್ಕೆ ಹೋದವರು ಏನನ್ನಾದರೂ ಗಮನಿಸದೆ ಬರಬಾರದಲ್ಲವೇ! ನಾನು ಗಮನಿಸಿದ್ದು ಅವರ ಬಾಗಿಲುಗಳನ್ನು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ. ಬಾಗಿಲು ಮುಚ್ಚಿದರೆ ಫ್ರಿಜ್ಜಿನ ಬಾಗಿಲು ಕೂತಂತೆ ಮೆತ್ತಗೆ ಸದ್ದಾಗಿ ಕೂರುತ್ತಿತ್ತು. ಬಾಗಿಲುವಾಡದ ಮೂರು ಕಡೆಗೂ ರಬ್ಬರಿನ ಪಟ್ಟಿ, ಕದದ ಕೆಳಗೆ ತೂಗುವ ಇನ್ನೊಂದು ಪಟ್ಟಿ. ಅಜ್ಜಿಯ ಸೀರೆಯಂಚು ನೆನಪಾಗಿ ನನಗೆ ಎದೆ ಭಾರವಾಯಿತು. ಮಗನಿಗೆ ಹೇಳಿದೆ. ಅವನು ಮಲಗುವ ಕೋಣೆಗಳ ಹೊರಗೆ ಗೋಡೆಯಲ್ಲಿದ್ದ ಒಂದು ಸಣ್ಣ ಬಿಳಿ ಡಬ್ಬಿಯನ್ನು ತೋರಿಸಿದ. ಆ ವಿಷಾನಿಲ ಗಾಳಿಯಲ್ಲಿ ಸೇರಿದರೆ ಅದು ಕೂಗಿಕೊಳ್ಳುತ್ತದೆ. ಅಲ್ಲಿಯ ಇಲಿನಾಯ್ ರಾಜ್ಯದಲ್ಲಿ ೨೦೦೭ರ ಜನವರಿಯಿಂದ ಪ್ರತಿಯೊಂದು ಮಲಗುವ ಕೋಣೆಯ ಹದಿನೈದು ಅಡಿಯೊಳಗೆ ಅದು ಇರಲೇಬೇಕೆಂಬ ಕಾನೂನಿದೆಯಂತೆ. ಒಲೆಯ ಮೇಲೆ, ಸ್ನಾನದ ಮನೆಯಲ್ಲಿ ಗಾಳಿಯನ್ನು ಹೊರಗೆ ಎಳೆಯುವ ಫ್ಯಾನುಗಳಿದ್ದವು. ಅವರು ಬೇಡದ ದಾರಿಯಲ್ಲಿ ಬರುವ ಗಾಳಿಯನ್ನು ತಡೆದು, ತಾವು ಬಯಸಿದ ದಾರಿಯಲ್ಲಿ ಅದನ್ನು ಬರಮಾಡಿಕೊಳ್ಳುತ್ತಿದ್ದರು. ನಮ್ಮ ಅಜ್ಜಿ ಮೊದಲರ್ಧವನ್ನು ಮಾತ್ರ ಮಾಡಿದ್ದರು. ತಂದೆಯವರು ಅದಕ್ಕೆ ಹೆದರಿ ಆ ಅರ್ಧವನ್ನೂ ಬಿಡಿಸಿದ್ದರು.

ಇಷ್ಟು ತಿಳಿದಿದ್ದರೂ ಕೈಹಾಕಲು ನನಗೆ ಆ ರಾತ್ರಿ ಬೇಕಾಯಿತು.

ಮೊದಲು ಅಳತೆ ಮಾಡಿದೆ. ಗಾಳಿ ಬೀಸುವ ಒಂದು ಸಂಜೆ ಊದುಬತ್ತಿ ಹಚ್ಚಿ ಕದದ ನಾಲ್ಕಂಚಿನ ಉದ್ದಕ್ಕೂ ನಿಧಾನವಾಗಿ ಹಿಡಿದೆ. ಹೊಗೆ ಎಲ್ಲಿ ನೇರವಾಗಿ ಏಳದೆ ಒಳಕ್ಕೆ ಬಾಗುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಆಮೇಲೆ ಕಾಗದದ ತುಂಡನ್ನು ಕದದ ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆದು ನೋಡಿದೆ. ತಡೆಯಿಲ್ಲದೆ ಕಾಗದ ಜಾರಿ ಬಂದರೆ ಅಲ್ಲಿ ಕದ ಕೂರುತ್ತಿಲ್ಲವೆಂದು ಅರ್ಥ. ಕದದ ಅಗಲ ಎಂಬತ್ತನಾಲ್ಕು ಸೆಂಟಿಮೀಟರ್, ಕೆಳಸಂದು ೧.೮ ಸೆಂಟಿಮೀಟರ್, ಎರಡನ್ನೂ ಗುಣಿಸಿದರೆ ೧೫೧ ಚದರ ಸೆಂಟಿಮೀಟರ್. ಗೋಡೆಯಲ್ಲಿ ಐದಂಗುಲ ಚೌಕದ ರಂಧ್ರವೊಂದು ಇದ್ದಂತೆ. ಮೇಲೆ ಮತ್ತು ಎರಡು ಪಕ್ಕಗಳಲ್ಲಿ ಸಂದು ಬರೀ ಮೂರು ಮಿಲಿಮೀಟರ್, ಕಣ್ಣಿಗೆ ಗೆರೆಯಷ್ಟೇ. ಆದರೆ ಆ ಗೆರೆಯ ಒಟ್ಟು ಉದ್ದ ೪೪೪ ಸೆಂಟಿಮೀಟರ್. ಗುಣಿಸಿದರೆ ೧೩೩ ಚದರ ಸೆಂಟಿಮೀಟರ್! ನಲವತ್ತು ವರ್ಷ ನಾವೆಲ್ಲ ಬೈದದ್ದು ಕೆಳಗಿನ ಸಂದನ್ನು. ನನ್ನ ಹತ್ತರಿಯ ಪುಣ್ಯದಿಂದ ಹುಟ್ಟಿದ ಪಕ್ಕದ ಗೆರೆಗಳು ಹೆಚ್ಚುಕಡಮೆ ಅಷ್ಟೇ ದೊಡ್ಡ ದಾರಿಯಾಗಿದ್ದವು. ಕೆಳಗಿನದನ್ನು ಮಾತ್ರ ಮುಚ್ಚಿ ಬೆಚ್ಚಗಾಗಲಿಲ್ಲವೆಂದು ಕೊರಗುವವರು ಈ ಗುಣಾಕಾರವನ್ನು ಒಮ್ಮೆ ಮಾಡಿ ನೋಡಬೇಕು.

ಮೊದಲನೆಯ ಪ್ರಯತ್ನ ನನ್ನದೇ. ಹಾಸನದ ಅಂಗಡಿಯಿಂದ ಅಂಟು ಇರುವ ಸ್ಪಂಜಿನ ಪಟ್ಟಿ ತಂದು ಅಂಟಿಸಿದೆ. ಹದಿನೈದು ದಿನಗಳಲ್ಲಿ ಅದು ಮಳೆಯ ಇರಚಲಿಗೆ ನೆನೆದು, ಒಂದು ಕಡೆ ಕಳಚಿ, ಇನ್ನೊಂದು ಕಡೆ ಇಲಿಯ ಪಾಲಾಯಿತು. ಹೊಸ ಬಾಗಿಲನ್ನೇ ಹಾಕಿಸಿ, ಈಗ ಮರವೇ ಅಲ್ಲದ, ನೀರಿಗೆ ಉಬ್ಬದ ಕದಗಳು ಸಿಗುತ್ತವೆಂದು ಬಂಧುಗಳೊಬ್ಬರು ಹೇಳಿದರು. ಅವರು ಹೇಳಿದ್ದು ನಿಜ. ಆದರೆ ಎಂದೋ ಒಬ್ಬರು ಅಂಗೈ ಇಟ್ಟು ನಿಂತ ಕದವನ್ನು ಸೌದೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಕಳೆದ ವರ್ಷ ಚೈತ್ರದಲ್ಲಿ, ಮರ ಒಣಗಿ ಪೂರ್ತಿ ಕುಗ್ಗಿರುವಾಗ, ಆಚಾರ್ಯರನ್ನು ಕರೆಸಿದೆ. ಹಿಂದೆ ನನಗೆ ಬುದ್ಧಿ ಹೇಳಿದವರ ಮಗ. ಅವರು ಮೊದಲು ಕೀಲುಗಳ ತಿರುಪನ್ನು ಬಿಗಿ ಮಾಡಿದರು. ಕದ ಅಷ್ಟರಿಂದಲೇ ಕೊಂಚ ಮೇಲೆದ್ದು ಚೌಕವಾಗಿ ಕೂತಿತು. ಕೆಳಗೆ ೧೯೭೮ರಲ್ಲಿ ಸೇರಬೇಕಾಗಿದ್ದ ಮರದ ಪಟ್ಟಿಯನ್ನು ಈಗ ಸೇರಿಸಿದರು. ಅದು ನೆಲಕ್ಕೆ ತಾಗದಂತೆ ಸ್ವಲ್ಪ ಎಡೆಬಿಟ್ಟು, ಆ ಎಡೆಗೆ ಕದದ ಹೊರಮೈಯಲ್ಲಿ ರಬ್ಬರಿನ ಪಟ್ಟಿಯೊಂದನ್ನು ತಿರುಪು ಹಾಕಿ ಕೂರಿಸಿದರು. ಹೊಸ್ತಿಲಿಗೇ ಒಂದು ತಡೆ ಬಡಿಯೋಣವೆಂಬ ಸಲಹೆ ಬಂದಿತ್ತು. ಹೊಸ್ತಿಲಿಗೆ ಮೊಳೆ ಹೊಡೆಯುವುದು ಬೇಡವೆಂದು ಶ್ರೀಮತಿಯವರು ಖಂಡಿತವಾಗಿ ಹೇಳಿದರು. ಹಿತ್ತಲದಾದರೂ ಅದು ಹೊಸ್ತಿಲೇ, ದಿನವೂ ಅರಿಶಿನ ಕುಂಕುಮ ಕಾಣುವಂಥದು. ಹಾಗಾಗಿ ಎಲ್ಲವೂ ಕದದ ಮೇಲೆಯೇ ನಡೆಯಿತು. ಅದೇ ಒಳ್ಳೆಯದಾಯಿತು, ಎಡವುವ ಭಯವಿಲ್ಲ. ಪಕ್ಕಗಳಿಗೆ, ಬಾಗಿಲುವಾಡದಲ್ಲಿ ಕದ ಬಂದು ಒರಗುವ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಒಣಗಿಸಿ, ಒಳಗೆ ಟೊಳ್ಳಾಗಿರುವ ಗಟ್ಟಿ ರಬ್ಬರಿನ ಪಟ್ಟಿ ಹಾಕಿದರು. ಟೊಳ್ಳಾಗಿರುವುದರ ಲಾಭವೇನೆಂದರೆ ಮಳೆಗಾಲದಲ್ಲಿ ಕದ ಉಬ್ಬಿದಾಗ ಅದು ಒತ್ತಿಕೊಳ್ಳುತ್ತದೆ, ಬೇಸಗೆಯಲ್ಲಿ ಕುಗ್ಗಿದಾಗ ಅರಳುತ್ತದೆ.

ಎಲ್ಲ ಮುಗಿದ ಮೇಲೆ ಚಿಲಕವೇ ಬೀಳಲಿಲ್ಲ! ರಬ್ಬರು ಕದವನ್ನು ಹಿಂದಕ್ಕೆ ತಳ್ಳುತ್ತಿತ್ತು. ಆಚಾರ್ಯರು ನಕ್ಕು ಚಿಲಕ ಸೇರುವ ಕೊಂಡಿಯನ್ನು ಮೂರು ಮಿಲಿಮೀಟರ್ ಸರಿಸಿದರು. ಈಗ ಕದವನ್ನು ಭುಜದಿಂದ ಕೊಂಚ ಒತ್ತಿ ಚಿಲಕ ಹಾಕಬೇಕು. ಆಗಲೇ ನಾಲ್ಕು ಕಡೆಯೂ ಸಮವಾಗಿ ಬಿಗಿಯುತ್ತದೆ.

ಈ ಕೆಲಸಕ್ಕೆ ಮೊದಲೇ ನಾನು ಇನ್ನೊಂದನ್ನು ಮಾಡಿಸಿದ್ದೆ. ತೊಟ್ಟಿಯ ಕಡೆಯ ಗೋಡೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ಅಜ್ಜಿ ಮುಚ್ಚಿಸಿದ್ದ ಗವಾಕ್ಷಿಯ ಗಾರೆ ಒಡೆಸಿ ಇಟ್ಟಿಗೆ ತೆಗೆಸಿದೆ. ಆರಂಗುಲ ಎತ್ತರ, ಒಂಬತ್ತಂಗುಲ ಅಗಲ. ಒಳಗೆ ಹಳೆಯ ಗುಬ್ಬಿಗೂಡಿನ ಹುಲ್ಲು ಹಾಗೆಯೇ ಇತ್ತು. ಸಣ್ಣ ಕಣ್ಣಿನ ಜಾಲರಿ ಬಡಿಸಿದೆ. ಅದು ಪಶ್ಚಿಮದ ಗಾಳಿಗೆ ಮರೆಯಾಗಿರುವುದರಿಂದ ಚಳಿ ನೇರವಾಗಿ ನುಗ್ಗುವುದಿಲ್ಲ, ಮಲಗಿದವರ ಮೈಮೇಲೆ ಬೀಳುವುದೂ ಇಲ್ಲ. ಕೋಣೆಗೆ ಉಸಿರು ಇರುತ್ತದೆ. ಮಗ ತಂದುಕೊಟ್ಟ ಒಂದು ಬಿಳಿ ಡಬ್ಬಿಯೂ ಈಗ ಅಲ್ಲಿದೆ. ಆ ಕೋಣೆಗೆ ಕೆಂಡವೂ ಹೋಗುವುದಿಲ್ಲ, ಸೊಳ್ಳೆಗೆಂದು ಹೊಗೆಯೂ ಹೋಗುವುದಿಲ್ಲ.

ಓದುಗ ಮಿತ್ರರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಬಾಗಿಲು ಬಿಗಿ ಮಾಡಿಸುವುದಾದರೆ ಧಾರಾಳವಾಗಿ ಮಾಡಿಸಿ. ಆದರೆ ಒಲೆ, ಅಗ್ಗಿಷ್ಟಿಕೆ, ಗ್ಯಾಸ್ ಗೀಸರ್, ಏನೇ ಉರಿಯುವ ಜಾಗವಿದ್ದರೂ ಅಲ್ಲಿಯ ಕಿಂಡಿಯನ್ನು ಮುಚ್ಚಬೇಡಿ. ಕಿಂಡಿಯಿಲ್ಲದ ಸ್ನಾನದ ಮನೆಯಲ್ಲಿ ಗೀಸರ್ ಉರಿಸಿ ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲ ಬರುತ್ತಲೇ ಇದೆ. ಕಿಂಡಿಯಿದ್ದರೂ ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟು ಮಲಗಬೇಡಿ. ತಲೆನೋವು, ವಾಕರಿಕೆ, ಮಂಪರು ಕಂಡರೆ ಶೀತವೆಂದು ಇನ್ನಷ್ಟು ಹೊದಿಸದೆ, ಮೊದಲು ಬಾಗಿಲು ತೆರೆದು ಹೊರಗೆ ಕರೆತನ್ನಿ, ಆಮೇಲೆ ವೈದ್ಯರನ್ನು ಕಾಣಿ. ಊರು ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ ಆಗಬಾರದು. ನಮ್ಮ ಮನೆಯಲ್ಲಾದರೆ ಹಾಕಿದ್ದ ಬಾಗಿಲನ್ನು ಸಕಾಲಕ್ಕೆ ತೆಗೆದದ್ದರಿಂದ ಒಂದು ಜೀವ ಉಳಿಯಿತು.

ಕಳೆದ ಆಷಾಢ ಎಂದಿನಂತೆಯೇ ಬೀಸಿತು. ಹೊರಗೆ ತೆಂಗಿನ ಗರಿಗಳು ಬಡಿದಾಡುವ ಸದ್ದು ಕೇಳುತ್ತಿತ್ತು, ಒಳಗೆ ಊದುಬತ್ತಿಯ ಹೊಗೆ ನೆಟ್ಟಗೆ ಏಳುತ್ತಿತ್ತು. ಶ್ರೀಮತಿಯವರು ಆ ತಿಂಗಳಿಡೀ ರಾತ್ರಿ ಎದ್ದು ಕೂರಲಿಲ್ಲ. ಉಬ್ಬಸ ಪೂರ್ತಿ ಹೋಯಿತೆಂದು ನಾನು ಹೇಳಲಾರೆ. ವಾದಕ್ಕೆ ಮಾತ್ರ ವಿಷಯವಿಲ್ಲದಂತಾಯಿತು.

ಗೌರಿಹಬ್ಬಕ್ಕೆ ಅಕ್ಕ ತವರಿಗೆ ಬಂದಳು. ಈಗ ಅವಳಿಗೆ ಎಪ್ಪತ್ತು ದಾಟಿದೆ. ಅಂದು ತೊಟ್ಟಿಲಲ್ಲಿದ್ದ ಮಗುವಿಗೆ ನಲವತ್ತು ದಾಟಿದೆ. ನಾದಿನಿಯ ಜೊತೆ ಮಾತಾಡುತ್ತ ಅದೇ ಕೋಣೆಯಲ್ಲಿ ಮಲಗುವೆನೆಂದಳು. ನಾನು ಬಾಗಿಲಿನ ಪಟ್ಟಿಗಳನ್ನು ತೋರಿಸಿದೆ, ಗವಾಕ್ಷಿಯನ್ನು ತೋರಿಸಿದೆ, ಡಬ್ಬಿಯ ಗುಂಡಿ ಒತ್ತಿ ಅದು ಕೂಗುವುದನ್ನೂ ಕೇಳಿಸಿದೆ. "ಎಲ್ಲ ಚೆನ್ನಾಗಿ ಮಾಡಿಸಿದ್ದೀಯ ಕಣೋ" ಎಂದಳು.

ಬೆಳಿಗ್ಗೆ ಎದ್ದು ಹೋಗಿ ನೋಡಿದರೆ ಹಿತ್ತಲ ಬಾಗಿಲಿನ ಚಿಲಕ ತೆಗೆದಿತ್ತು. ಕದ ಬಡಿದುಕೊಳ್ಳದಂತೆ ಸಂದಿಗೆ ಒಂದು ಸಣ್ಣ ಕಲ್ಲು ಕೊಟ್ಟಿತ್ತು. ಹೆಬ್ಬೆರಳಿನಷ್ಟು ಅಗಲಕ್ಕೆ ತೆರೆದು ಗಾಳಿ ತಣ್ಣಗೆ ಒಳಗೆ ಬರುತ್ತಿತ್ತು. ಅತ್ತಿಗೆ ನಾದಿನಿಯರಿಬ್ಬರೂ ತಲೆಯವರೆಗೆ ಕಂಬಳಿ ಎಳೆದುಕೊಂಡು ನಿದ್ರಿಸುತ್ತಿದ್ದರು. ನಾನು ಕಲ್ಲನ್ನು ತೆಗೆಯಲಿಲ್ಲ. ಯಾರನ್ನೂ ಕೇಳಲೂ ಇಲ್ಲ.